ನಲವತ್ತೈದು ಡಿಗ್ರಿ

ಬೆನ್ನು ಬಾಗಿಸುವುದಕ್ಕೂ ತಾಲೀಮು ಬೇಕೆಂದು
ನಾನು ಕಲಿತದ್ದು ಶಿಯೋಗಾಮಾ ಬಂದರಿನಲ್ಲಿ,
ಮೀನು ಅರೆದು ಬೇಯಿಸಿ ಕಾಮಾಬೊಕೊ ಕಟ್ಟುವ
ಕಾರ್ಖಾನೆಯ ಮೂರನೆಯ ಮಹಡಿಯಲ್ಲಿ.
ಕುವಬಾರಾ ಚಿಜುರು ಕುರ್ಚಿಗಳನ್ನು ಬದಿಗೆ ಸರಿಸಿ
ನೆಲಕ್ಕೆ ಬಿಳಿ ಟೇಪು ಅಂಟಿಸಿದಳು:
ಇಲ್ಲಿ ಪಾದ, ಇಲ್ಲಿ ನೋಟ.
"ಮೂವತ್ತು ಡಿಗ್ರಿ, ತಡವಾಗಿ ಬಂದದ್ದಕ್ಕೆ.
ನಲವತ್ತೈದು, ಜನ ಆಸ್ಪತ್ರೆ ಸೇರಿದ್ದಕ್ಕೆ.
ಐದು ಸೆಕೆಂಡಾದರೆ ಸೊಕ್ಕು, ಹತ್ತಾದರೆ ನಾಟಕ.
ಏಳು ಎಂದಾಗ ಏಳಬೇಕು."
ಎಪ್ಪತ್ತೊಂದರ ಮಾಲೀಕರು, ಹಮಗುಚಿ ತೊಕುಜೊ,
ಕನ್ನಡಿಯ ಮುಂದೆ ಬಾಗಿದರು, ಎದ್ದರು, ಬಾಗಿದರು.
ಸ್ಟಾಪ್‌ವಾಚ್ ನನ್ನ ಕೈಯಲ್ಲಿತ್ತು.

ಆಕೆಯನ್ನು ಬೈಯುವ ಮುನ್ನ
ಹಿಂದಿನ ರಾತ್ರಿಯದನ್ನೂ ಹೇಳಬೇಕು.
ಹನ್ನೊಂದು ಜನ ವಾಂತಿಯಾಗಿ ಮಲಗಿದ್ದಾರೆಂದು ಫೋನು ಬಂದಾಗ
"ವರದಿ ಬರಲಿ, ಕಾಯೋಣ" ಅಂದರು ವಕೀಲರು.
"ಕಾಯುವುದು ಮೀನಿಗೆ ಬರುವುದಿಲ್ಲ" ಅಂದಳು.
ಎರಡು ಗಂಟೆಗೆ ಪತ್ರಿಕೆಗಳ ಮುದ್ರಣ ತಡೆದಳು.
ಪೊಟ್ಟಣದ ಸಂಖ್ಯೆ ಅಂಗೈಯಗಲ,
ಕಂಪನಿಯ ಹೆಸರು ಅದರ ನೆತ್ತಿಗೆ,
ಸಬೂಬಿಗೆ ಒಂದು ಸಾಲೂ ಇಲ್ಲ.
ಸುನಾಮಿ ಬಂದರೆ ಕೂಗಲೆಂದು ಕಂಬಕ್ಕೆ ಕಟ್ಟಿದ ಧ್ವನಿವರ್ಧಕಗಳನ್ನು
ಪುರಸಭೆಯವರ ಕೈಕಾಲು ಹಿಡಿದು ನಾಲ್ಕಕ್ಕೇ ಎಬ್ಬಿಸಿದಳು.
ನಾನು ಬೀದಿ ಬೀದಿ ಬಾಗಿಲು ತಟ್ಟಿದೆ.
ದಿಬ್ಬದ ಮೇಲಿನ ಮನೆಯಲ್ಲಿ ಅಜ್ಜಿಯೊಬ್ಬಳು
ಮೊಮ್ಮಗನ ಬುತ್ತಿಗೆ, ಗುಲಾಬಿ ಅಂಚಿನ ನಾಲ್ಕು ಹೋಳು
ಜೋಡಿಸಿ ಮುಚ್ಚಳ ಹಾಕುತ್ತಿದ್ದಳು.
ಮುಚ್ಚಳ ತೆಗೆದು, ಹೋಳು ಎಣಿಸಿ ನನ್ನ ಚೀಲಕ್ಕೆ ಹಾಕಿ
"ಇಷ್ಟೊತ್ತಿಗೇ ಬಂದೆಯಲ್ಲ, ಚಹಾ ಕುಡಿದು ಹೋಗು" ಅಂದಳು.
ಹನ್ನೊಂದು ಹನ್ನೆರಡಾಗಲಿಲ್ಲ.
ಇದನ್ನು ಪ್ರಚಾರ ಅನ್ನುವವರು ಅನ್ನಲಿ;
ಆ ಹುಡುಗ ಅವತ್ತು ಅನ್ನ, ಮೊಟ್ಟೆ ಕಟ್ಟಿಕೊಂಡು ಶಾಲೆಗೆ ಹೋದ.

ಆಮೇಲಿನದು ಆ ಚೀಟಿ.
ಫೆಬ್ರವರಿಯಲ್ಲಿ ರಾತ್ರಿ ಪಾಳಿಯ ಒನೊದೆರಾ ಮಿಯೊ
ಪೆನ್ಸಿಲಿನಲ್ಲಿ ಬರೆದಿದ್ದಳು:
ಎರಡನೇ ಶೀತಲ ಕೋಣೆ ಮೂರು ಸಲ ಕೈಕೊಟ್ಟಿದೆ.
ಕೆಳಗೆ ಮಾಲೀಕರ ಮೊಹರು, ಕೆಂಪಗೆ, ದುಂಡಗೆ,
ನೋಡಿದ್ದೇನೆ ಎಂಬುದಕ್ಕೆ.
ಚಿಜುರು ಅದನ್ನು ಎರಡು ಸಲ ಓದಿದಳು.
ಕನ್ನಡಕ ತೆಗೆದಳು. ಒರೆಸಿದಳು. ಒರೆಸುತ್ತಲೇ ಇದ್ದಳು.
ಹೇಳಿಕೆಯಲ್ಲಿ "ನಾನು ಕಡೆಗಣಿಸಿದೆ" ಎಂದಿದ್ದ ಜಾಗಕ್ಕೆ
"ಕಡೆಗಣಿಸಲ್ಪಟ್ಟಿರಬಹುದು" ಬಂದು ಕೂತಿತು.
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ.
ಕರ್ತೃ ಹಿಂಬಾಗಿಲಿನಿಂದ ಹೊರಟುಹೋದ;
ಕರ್ಮವಷ್ಟೇ ನಡುಮನೆಯಲ್ಲಿ ಉಳಿಯಿತು.
ಚೀಟಿ ಯಾವ ಕಡತಕ್ಕೆ ಹೋಯಿತೋ, ನಾನು ಕೇಳಲಿಲ್ಲ.
ಕೇಳದಿರುವುದೂ ನನ್ನ ಸಂಬಳದಲ್ಲಿ ಸೇರಿತ್ತು.

ಹತ್ತು ಗಂಟೆಗೆ ಕ್ಯಾಮೆರಾಗಳ ಮುಂದೆ ಹಮಗುಚಿ ಬಾಗಿದರು.
ಐದು. ಆರು. ಏಳು.
ಏಳಲಿಲ್ಲ.
ಒಂಬತ್ತು. ಪಕ್ಕದಲ್ಲಿ ಎದ್ದು ನಿಂತಿದ್ದ ನಿರ್ದೇಶಕರಿಬ್ಬರು
ಗಾಬರಿಯಾಗಿ ಮತ್ತೆ ಬಾಗಿದರು.
ಹನ್ನೊಂದು. ಫ್ಲಾಶುಗಳೂ ತಣ್ಣಗಾದವು.
ರೋಗಿಗೊಂದು ಸೆಕೆಂಡಿನಂತೆ, ಎಂದು ಬರೆಯಿತು ಸಂಜೆಯ ಪತ್ರಿಕೆ.
ಕಾರಿನಲ್ಲಿ ಅವರು ಮೆಲ್ಲಗೆ ಅಂದದ್ದು:
"ಸೊಂಟ ಹಿಡಿದುಕೊಂಡಿತು, ಕುವಬಾರಾ."
ಆಕೆ ಕಿಟಕಿಯಾಚೆ ಹಡಗು ನೋಡುತ್ತಿದ್ದಳು.
ಹಿಡಿದದ್ದು ಸೊಂಟವೋ ಆ ಕೆಂಪು ಮೊಹರೋ
ನನಗಿನ್ನೂ ತಿಳಿದಿಲ್ಲ.

ಶರತ್ಕಾಲಕ್ಕೆ ಅಂಗಡಿಗಳು ಮತ್ತೆ ಸರಕು ತರಿಸಿದವು.
ಇನ್ನೂರ ನಲವತ್ತು ಜನರ ಕೆಲಸ ಉಳಿಯಿತು,
ಒನೊದೆರಾಳದೂ.
ಎರಡನೇ ಕೋಣೆಗೆ ಹೊಸ ಯಂತ್ರ ಬಂತು, ಸದ್ದಿಲ್ಲದ್ದು.
ಒಂದು ದಿನ ಕ್ಯಾಂಟೀನಿನಲ್ಲಿ ನನ್ನೆದುರು ಕೂತು ಕೇಳಿದಳು:
"ಎಷ್ಟು ಹೊತ್ತು ಬಾಗಿದ್ದರಂತೆ?"
"ಹನ್ನೊಂದು ಸೆಕೆಂಡು."
ಬಟ್ಟಲಿನ ಮೇಲೆ ಕಡ್ಡಿಗಳನ್ನು ಅಡ್ಡ ಇಟ್ಟಳು.
"ಆ ಚೀಟಿಗೆ ನನಗೆ ಅರ್ಧ ಗಂಟೆ ಹಿಡಿದಿತ್ತು.
ಅಕ್ಷರ ನೆಟ್ಟಗಿರಲಿ ಅಂತ
ಅಳಿಸಿ ಎರಡು ಸಲ ಬರೆದೆ."